ತಾತನ ಕೋವಿಗೆ ಪಾಲಿಶ್ ಹೊಡಿಸೋಕೆ ಮುಂಚೆ

ಸೆಪ್ಟೆಂಬರ್ ಶುರುವಾದ್ರೆ ಕೊಡಗಲ್ಲಿ ಕೈಲ್ ಮುಹೂರ್ತ ಅನ್ನೋ ಆಯುಧ ಪೂಜೆ ಹಬ್ಬಕ್ಕೆ ಅಂತ ಮನೆ ಮನೇಲೂ ಕೋವಿ ಹೊರಗೆ ಬರುತ್ತೆ, ಮಳೆಗಾಲ ಪೂರ್ತಿ ಕವರೊಳಗೆ ಬೆವರಿದ ನಳಿಗೆ ಮೇಲೆ ಕೆಂಪಗೆ ತುಕ್ಕು, ಹಿಡಿ ಮರ ಕಪ್ಪು ಜಿಡ್ಡು, ಆಗ ಯಾರಾದ್ರೂ ಒಬ್ರು "ಇದನ್ನ ಒಂದ್ಸಲ ಹೊಸದರ ಥರ ಮಾಡಿಸ್ಬಿಡೋಣ" ಅಂದೇ ಅಂತಾರೆ. ತಡೀರಿ ಸ್ವಲ್ಪ. ಕ್ಲೀನ್ ಮಾಡಿದ್ದು ಸಾಲ್ಲಿಲ್ಲ ಅಂದ್ರೆ ಇನ್ನೊಂದ್ಸಲ ಮಾಡ್ಬಹುದು, ಉಜ್ಜಿ ತೆಗೆದಿದ್ದನ್ನ ವಾಪಸ್ ಅಂಟಿಸೋಕಾಗಲ್ಲ.

ಮೊದಲು ಲಿವರ್ ತಿರುಗಿಸಿ ಕೋವಿ ಬಾಗಿಸಿ ತೆರೆದು ಎರಡೂ ನಳಿಗೆ ಖಾಲಿ ಇದೆಯಾ ನೋಡಿ. ಆಮೇಲೆ ನಳಿಗೆ ಬಿಚ್ಚಿ, ಕೆಳಗಿರೋ ಕೊಕ್ಕೆಗೆ ಒಂದು ದಾರ ಕಟ್ಟಿ ನೇತುಹಾಕಿ ಬೆರಳ ಗೆಣ್ಣಲ್ಲಿ ತಟ್ಟಿ. ದೇವಸ್ಥಾನದ ಗಂಟೆ ಥರ ಣಣ್ ಅಂತ ಮೊಳಗಿದ್ರೆ ಸರಿ, ಒಡೆದ ಮಡಕೆ ಥರ ದಬ್ ಅಂದ್ರೆ ಎರಡು ನಳಿಗೆ ಮಧ್ಯದ ಉದ್ದ ಪಟ್ಟಿ, ಅಂದ್ರೆ ರಿಬ್ಬಿನ ಬೆಸುಗೆ ಎಲ್ಲೋ ಬಿಟ್ಟಿರೋ ಚಾನ್ಸ್ ಜಾಸ್ತಿ. ಹಾಗೇ ನಳಿಗೆ ಬುಡದ ಅಡಿಭಾಗದಲ್ಲಿ ನಳಿಗೆ ಟೆಸ್ಟ್ ಮಾಡಿದ್ದಕ್ಕೆ ಹೊಡೆದ ಸಣ್ಣ ಸಣ್ಣ ಮುದ್ರೆ ಇರುತ್ತೆ, ಲೆನ್ಸ್ ಇಟ್ಟು ಓದಿ. ಬರ್ಮಿಂಗ್‌ಹ್ಯಾಮ್ ಕೋವಿ ಆದ್ರೆ ಕಿರೀಟದ ಕೆಳಗೆ ಎನ್‌ಪಿ ಅಂತಿದ್ರೆ ಆ ಮುದ್ರೆ 1904ರ ಆಮೇಲಿಂದು, ಹೊಗೆ ಇಲ್ಲದ ಮದ್ದಿಗೆ ಟೆಸ್ಟ್ ಆಗಿದೆ ಅಂತ ಅರ್ಥ. "ನಾಟ್ ಫಾರ್ ಬಾಲ್" ಅಂತಿದ್ರೆ 1875ರಿಂದ 1887ರ ಒಳಗಿಂದು, ಅದು ಕರಿಮದ್ದಿನ ಕಾಲ. ನಳಿಗೆ ಮೇಲೆ ಹಾವಿನ ಚರ್ಮದ ಥರ ಗೆರೆ ಕಾಣಿಸಿದ್ರೆ ಕಬ್ಬಿಣ-ಉಕ್ಕಿನ ಪಟ್ಟಿ ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆ, ಅದಕ್ಕೆ ಈಗಿನ ತೋಟಾ ಹಾಕೋ ಆಸೆ ಬೇಡ. ಎಷ್ಟೋ ಹಳೇ 12 ಬೋರಿನಲ್ಲಿ ತೋಟಾ ಕೂರೋ ಗೂಡು ಎರಡೂವರೆ ಇಂಚು, ಅಂದ್ರೆ 65 ಮಿ.ಮೀ. ಮಾತ್ರ, ಅಂಗಡೀಲಿ ಸಿಗೋ 70ರ ತೋಟಾ ಒಳಗೆ ಹೋಗುತ್ತೇನೋ ಸರಿ, ಆದ್ರೆ ಹೊಡೆದಾಗ ಬಾಯಿ ಬಿಚ್ಚಿಕೊಳ್ಳೋಕೆ ಜಾಗ ಸಾಲದೆ ಒತ್ತಡ ಏರುತ್ತೆ. ಇದಿಷ್ಟು ಪಾಸಾಗ್ಲಿಲ್ಲ ಅಂದ್ರೆ ಪಾಲಿಶ್‌ಗೆ ದುಡ್ಡು ಸುರಿಯೋದು ವೇಸ್ಟ್, ಇದ್ದ ಹಾಗೇ ಪೂಜೆಗೆ ಇಟ್ಕೊಳ್ಳಿ.

ಪಾಸಾಯ್ತು ಅಂದ್ರೆ ಈಗ ಒರಿಜಿನಲ್ ಫಿನಿಶ್ ಎಷ್ಟು ಉಳಿದಿದೆ ಅಂತ ಹುಡುಕಿ. ಕೈ ತಾಗದ ಜಾಗದಲ್ಲಿ ನೋಡ್ಬೇಕು, ಮುಂದಿನ ಮರದ ಒಳಗಡೆ, ಲಿವರ್ ತಿರುಗಿಸಿದಾಗ ಅದರಡಿ. ಅಲ್ಲಿ ನೀಲಿ, ಕಂದು, ಬೂದಿ ಬಣ್ಣ ಎಣ್ಣೆ ಚೆಲ್ಲಿದ ನೀರಿನ ಥರ ಕಲಸಿಕೊಂಡಿದ್ರೆ ಫ್ಯಾಕ್ಟರಿ ಬಣ್ಣ ಇನ್ನೂ ಇದೆ ಅಂತ ಲೆಕ್ಕ, ಹೊರಗೆ ಎಷ್ಟೇ ಬೆಳ್ಳಗೆ ಸವೆದಿದ್ರೂ ಮುಟ್ಬೇಡಿ. ರಿಬ್ ಮೇಲೆ ಮ್ಯಾಂಟನ್, ರೊಡ್ಡಾ ಅಂತ ಹಳೇ ಕಲ್ಕತ್ತಾ ಅಂಗಡಿ ಹೆಸರಿದ್ರಂತೂ ಬಫಿಂಗ್ ವೀಲ್ ಹತ್ರಾನೂ ಒಯ್ಯಬೇಡಿ, ಅಕ್ಷರದ ಅಂಚು ಒಂದೇ ಸಲಕ್ಕೆ ಕರಗಿಹೋಗುತ್ತೆ. ಸೀರಿಯಲ್ ನಂಬರ್ ಅಳಿಸಿಹೋದ್ರೆ ಆರ್ಮ್ಸ್ ಆಕ್ಟ್ ತಲೆನೋವು ಬೇರೆ, ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಹಿಡುವಳಿ) ಭೂಮಿಯವರಿಗೂ ಇರೋ ವಿನಾಯಿತಿ ಲೈಸೆನ್ಸ್‌ಗೆ, ನಂಬರ್‌ಗಲ್ಲ.

ಮರಕ್ಕೂ ಇದೇ ಮಾತು. ಹಳೇ ಒಳ್ಳೆ ಕೋವೀಲಿ ಮರ ಕಬ್ಬಿಣಕ್ಕಿಂತ ಕೂದಲೆಳೆಯಷ್ಟು ಎತ್ತರ ಇರುತ್ತೆ, ಉಗುರು ಎಳೆದು ನೋಡಿ. ಕಬ್ಬಿಣವೇ ಎತ್ತರ ಇದ್ರೆ ಯಾರೋ ಪುಣ್ಯಾತ್ಮ ಈಗಾಗ್ಲೇ ಸ್ಯಾಂಡ್‌ಪೇಪರ್ ಹಾಕಿದ್ದಾನೆ.

ಹಾಗಾದ್ರೆ ರಿಫಿನಿಶ್ ಯಾವಾಗ? ಮೊದಲೇ ಯಾರೋ ಉಜ್ಜಿ ವಾರ್ನಿಷ್ ಬಳಿದು ಹಾಳು ಮಾಡಿದ್ರೆ, ತುಕ್ಕು ಗುಳಿ ಬಿದ್ದು ತಿಂತಾ ಇದ್ರೆ, ಇಲ್ಲಾ ಬಂಗಾಳದ ಇಚ್ಛಾಪುರದ ಸರ್ಕಾರಿ ಫ್ಯಾಕ್ಟರಿ 12 ಬೋರ್ ಥರ ಸಾಧಾರಣ ಕೋವಿ, ದಿನಾ ತೋಟಕ್ಕೆ ಒಯ್ಯೋದು ಅಂತಾದ್ರೆ ಧಾರಾಳವಾಗಿ ಮಾಡಿಸಿ. ಆದ್ರೆ ರಿಪೇರಿ ಲೈಸೆನ್ಸ್ ಇರೋರ ಹತ್ರಾನೇ ಮಾಡಿಸಿ, ಮತ್ತೆ ಒಂದು ಪ್ರಶ್ನೆ ಕೇಳದೆ ಕೋವಿ ಕೊಡ್ಲೇಬೇಡಿ: ಬ್ಲೂಯಿಂಗ್, ಅಂದ್ರೆ ನಳಿಗೆಗೆ ಕಪ್ಪು-ನೀಲಿ ಬಣ್ಣ ಕೂರಿಸೋದು, ಹೇಗೆ ಮಾಡ್ತೀರಾ? ಕುದಿಯೋ ಉಪ್ಪಿನ ತೊಟ್ಟೀಲಿ ಅದ್ದುತೀವಿ ಅಂದ್ರೆ ಎದ್ದು ಬನ್ನಿ. ಜೋಡಿ ನಳಿಗೆಯ ರಿಬ್ ಕೂತಿರೋದು ತವರ-ಸೀಸದ ಬೆಸುಗೆ ಮೇಲೆ, ಆ ಕ್ಷಾರದ ನೀರು ಅದನ್ನೇ ತಿನ್ನುತ್ತೆ. ನಮ್ಮ ದೊಡ್ಡಪ್ಪನ ಕೋವಿ ಹಿಂಗೇ ಒಂದು ಕಡೆಯಿಂದ ಕರ್ರಗೆ ಮಿರಮಿರ ಹೊಳೀತಾ ಬಂತು, ಎಲ್ಲರೂ ಹೊಗಳಿದ್ದೇ ಹೊಗಳಿದ್ದು, ಮುಂದಿನ ಜುಲೈಲಿ ರಿಬ್ ಸಂದಿಯಿಂದ ಕೆಂಪು ನೀರು ಜಿನುಗೋಕೆ ಶುರು, ತಟ್ಟಿದ್ರೆ ದಬ್. ಹದವಾಗಿ ತುಕ್ಕು ಬರಿಸಿ, ಕುದಿಸಿ, ತಿಕ್ಕಿ, ಮತ್ತೆ ಬರಿಸೋ ಹಳೇ ರಸ್ಟ್ ಬ್ಲೂಯಿಂಗೇ ಜೋಡಿ ನಳಿಗೆಗೆ ಸರಿ. ದಿನಗಟ್ಟಲೆ ಹಿಡಿಯುತ್ತೆ, ಹಿಡೀಲಿ ಬಿಡಿ.

ಮಿಕ್ಕಿದ್ದೆಲ್ಲ ಮನೇಲೇ ಆಗುತ್ತೆ. ಕೆಂಪು ತುಕ್ಕಿಗೆ ಗನ್ ಆಯಿಲ್ ಹಚ್ಚಿ ಒಂದು ರಾತ್ರಿ ಬಿಡಿ, ಬೆಳಗ್ಗೆ ಹಳೇ ತಾಮ್ರದ ಕಾಲಾಣೆ ಕಾಸಿನ ಅಂಚಲ್ಲಿ ಮೆಲ್ಲಗೆ ಕೆರೀರಿ, ತಾಮ್ರ ಉಕ್ಕಿಗಿಂತ ಮೆದು, ತುಕ್ಕು ಕಿತ್ತು ಬರುತ್ತೆ, ನಳಿಗೆಗೆ ಗೀರು ಬೀಳಲ್ಲ. ಕಂದು ಕಲೆ ಉಳಿದ್ರೆ ಉಳೀಲಿ. ಮರದ ಜಿಡ್ಡನ್ನ ಟರ್ಪೆಂಟೈನ್ ಬಟ್ಟೇಲಿ ಒರೆಸಿ, ಅಗಸೆ ಎಣ್ಣೆ ನಾಲ್ಕೇ ಹನಿ ಅಂಗೈಯಲ್ಲಿ ಬಿಸಿಯಾಗೋ ತನಕ ತಿಕ್ಕಿ. ತೆಂಗಿನೆಣ್ಣೆ ಬೇಡ ಮಾರಾಯ್ರೆ.

ಪೂಜೆ ಆದ ದಿನಾನೇ ಗಂಧ ಕುಂಕುಮ ಒರೆಸಿಬಿಡಿ, ಒದ್ದೆ ಗಂಧ ರಾತ್ರಿ ಕಳೆಯೋದ್ರೊಳಗೆ ತುಕ್ಕು ಕೂರಿಸುತ್ತೆ. ನಮ್ಮ ಕೋವಿ ಎಡಮಗ್ಗುಲಲ್ಲಿ ಅಜ್ಜಿ ಹೆಬ್ಬೆರಳ ಅಗಲದ ಕಲೆ ಒಂದಿದೆ, ಅದನ್ನ ನಾನೂ ತೆಗೆದಿಲ್ಲ. ಕ್ಯಾನ್ವಾಸ್ ಕವರಲ್ಲಿ ಇಡ್ಬೇಡಿ, ಬೀರುವಲ್ಲಿ ಬಾಯಿ ಕೆಳಗೆ ಮಾಡಿ ನಿಲ್ಲಿಸಿ, ಇಲ್ಲಾಂದ್ರೆ ನಳಿಗೆ ಎಣ್ಣೆ ಎಲ್ಲಾ ಇಳಿದು ಮರದ ಕುತ್ತಿಗೆಗೆ ಸೇರಿ ಅದು ಕೊಳೆಯುತ್ತೆ.