ಮರಗಪ್ಪೆ ಸಾಕಬೇಕೇ? ಅಂಗಳದಲ್ಲೊಂದು ತೊಟ್ಟಿ ಇಡಿ

ಬಚ್ಚಲುಮನೆಯ ಗೋಡೆಗೆ ಅಂಟಿಕೊಂಡು ಕೂತ ಕಂದು ಮರಗಪ್ಪೆಯನ್ನು ಕಂಡರೆ ಮಕ್ಕಳಿಗೆ ಸಾಕುವ ಆಸೆ ಹುಟ್ಟುವುದು ಸಹಜ. ಆದರೆ ಹಿಡಿದು ಗಾಜಿನ ಪೆಟ್ಟಿಗೆಗೆ ಹಾಕಬೇಡಿ. ಚರ್ಮದಿಂದಲೇ ನೀರು ಹೀರುವ ಜೀವಿ ಇದು. ರಾತ್ರಿಯಿಡೀ ಅಡ್ಡಾಡಿ ಹುಳುಹುಪ್ಪಟೆ ಹಿಡಿದು ತಿನ್ನಬೇಕು. ಅದು ತಾನಾಗಿಯೇ ಬಂದು ನೆಲೆಸುವಂತೆ ಅಂಗಳವನ್ನು ಅಣಿಗೊಳಿಸುವುದೇ ಸರಿಯಾದ ಸಾಕಣೆ.

ಮುಂಗಾರಿಗೆ ಮೊದಲೇ ನೆರಳಿನಲ್ಲಿ ಸಿಮೆಂಟ್ ತೊಟ್ಟಿಯನ್ನೋ ಅಗಲ ಬಾಯಿಯ ಟಬ್ಬನ್ನೋ ಇಡಿ. ಒಂದಡಿ ಆಳ ಸಾಕು. ಹೊಸ ಸಿಮೆಂಟಾದರೆ ನೀರು ತುಂಬಿ, ಚೆಲ್ಲಿ, ನಾಲ್ಕಾರು ಸಲ ತೊಳೆಯಿರಿ. ಮಳೆನೀರು ಉತ್ತಮ; ನಲ್ಲಿನೀರಾದರೆ ಕ್ಲೋರಿನ್ ಹೋಗಲು ಒಂದೆರಡು ದಿನ ತೆರೆದಿಡಿ.

ತೊಟ್ಟಿಯ ಪಕ್ಕ ಕೆಸುವು, ಬಾಳೆಯಂಥ ಗಿಡಗಳಿರಲಿ, ಎಲೆಗಳು ನೀರಿನ ಮೇಲೆ ಬಾಗಿರಲಿ. ಮರಗಪ್ಪೆ ಮೊಟ್ಟೆಯಿಡುವುದು ನೀರಿನೊಳಗಲ್ಲ, ನೀರಿನ ಮೇಲ್ಗಡೆ. ಹೆಣ್ಣು ತನ್ನ ಮೈಯಿಂದ ಒಸರುವ ಲೋಳೆಯನ್ನು ಹಿಂಗಾಲಿನಿಂದ ಕಡೆದು ನೊರೆ ಎಬ್ಬಿಸುತ್ತದೆ, ಅದರೊಳಗೆ ಮೊಟ್ಟೆ ಹುದುಗಿಸುತ್ತದೆ. ಬೆಳಿಗ್ಗೆ ಎಲೆಗೋ ತೊಟ್ಟಿಯ ಗೋಡೆಗೋ ಬಿಳಿ ಮುದ್ದೆ ಅಂಟಿರುವುದು ಕಂಡರೆ ಕೊಳೆಯೆಂದು ಉಜ್ಜಬೇಡಿ. ಹೊರಪದರ ಒಣಗಿದರೂ ಒಳಗೆ ತೇವ ಉಳಿದಿರುತ್ತದೆ. ಕೆಲವೇ ದಿನಗಳಲ್ಲಿ ನೊರೆ ಸಡಿಲಾಗಿ ಗೊದಮೊಟ್ಟೆಗಳು ತೊಟ್ಟಿಗೆ ಉದುರುತ್ತವೆ.

ಆಮೇಲೆ ನಿಮ್ಮ ಕೆಲಸ ಹೆಚ್ಚಿಲ್ಲ. ಗೊದಮೊಟ್ಟೆಗಳಿಗೆ ಪಾಚಿಯೇ ಆಹಾರ, ಆದ್ದರಿಂದ ತೊಟ್ಟಿಯನ್ನು ತಿಕ್ಕಿ ತೊಳೆಯಬೇಡಿ. ಪಾಚಿ ಕಡಿಮೆಯೆನಿಸಿದರೆ ಬೇಯಿಸಿದ ಪಾಲಕ್ ಎಲೆಯ ಚೂರು ಹಾಕಿ, ಮಿಕ್ಕಿದ್ದನ್ನು ಮಾರನೆಯ ದಿನ ತೆಗೆದುಬಿಡಿ. ಕಾಲು ಮೂಡಿದ ಮರಿಗಳು ಹತ್ತಿ ಬರಲು ಒರಟು ಕೋಲೊಂದನ್ನು ಓರೆಯಾಗಿ ಆನಿಸಿಡಿ.

ಸೊಳ್ಳೆಯ ಚಿಂತೆ ನ್ಯಾಯವಾದದ್ದೇ. ಆದರೆ ಸೊಳ್ಳೆಮರಿ ತಿನ್ನಲೆಂದು ಗಪ್ಪಿ, ಗಾಂಬೂಸಿಯಾ ಮೀನುಗಳನ್ನು ತೊಟ್ಟಿಗೆ ಬಿಟ್ಟರೆ ಅವು ಎಳೆಯ ಗೊದಮೊಟ್ಟೆಗಳನ್ನೂ ಬಿಡುವುದಿಲ್ಲ. ಸೊಳ್ಳೆಮರಿಗಳು ಉಸಿರಿಗಾಗಿ ಮೇಲಕ್ಕೆ ಬಂದು ತಲೆಕೆಳಗಾಗಿ ತೂಗಾಡುತ್ತಿರುತ್ತವೆ. ದಿನ ಬಿಟ್ಟು ದಿನ ಚಹಾ ಸೋಸುವ ಜಾಲರಿಯಿಂದ ಅವನ್ನು ಎತ್ತಿ ಒಣನೆಲಕ್ಕೆ ಚೆಲ್ಲಿ.

ದೊಡ್ಡ ಕಪ್ಪೆಗಳಿಗೆ ಹಗಲು ಅಡಗಲು ಜಾಗ ಬೇಕು. ಒಂದೂವರೆ ಇಂಚಿನ ಪಿವಿಸಿ ಪೈಪಿನ ಎರಡಡಿ ತುಂಡನ್ನು ಮರಕ್ಕೆ ನೆಟ್ಟಗೆ ಕಟ್ಟಿದರೆ ಅದರೊಳಗೆ ಸೇರಿಕೊಳ್ಳಬಹುದು. ತೋಟಕ್ಕೆ ಕೀಟನಾಶಕ, ಕಳೆನಾಶಕ ಹೊಡೆಯುವವರು ಮಾತ್ರ ಈ ಸಾಹಸಕ್ಕೆ ಕೈಹಾಕದಿರುವುದೇ ಮೇಲು. ಕರೆದು ವಿಷ ಉಣಿಸಿದಂತಾಗುತ್ತದೆ.

ಬೇಸಿಗೆಯಲ್ಲಿ ಇವು ತೇವ ಹುಡುಕಿಕೊಂಡು ಮತ್ತೆ ಬಚ್ಚಲಿಗೆ ಬರುತ್ತವೆ. ಫಿನಾಯಿಲ್, ಆಸಿಡ್ ಹಾಕುವ ಮುನ್ನ ಮೂಲೆಗಳನ್ನು ನೋಡಿ. ಕಪ್ಪೆ ಇದ್ದರೆ ಸೋಪು ಸೋಕದ ಒದ್ದೆ ಮಗ್ಗಿನಿಂದ ಮೆಲ್ಲಗೆ ಮುಚ್ಚಿ, ಅಡಿಗೆ ರಟ್ಟು ತೂರಿಸಿ, ತೊಟ್ಟಿಯ ಬಳಿ ಬಿಟ್ಟು ಬನ್ನಿ.