ಕರಡಿ ಕಾಟ: ಮೊದಲು ಕಸದ ಡಬ್ಬಿ ನೋಡಿ

ಮನೆ ಹತ್ತಿರ ಕರಡಿ ಸುಳಿದಾಡ್ತಿದೆ ಅಂದ್ರೆ ಅದನ್ನ ಕರೀತಿರೋದು ಬಹುತೇಕ ಕಸದ ಡಬ್ಬಿಯೇ. ಅದರ ಮೂಗು ಭಾರಿ ಚುರುಕು, ಮುಚ್ಚಳದ ಅಂಚಿಗೆ ಅಂಟಿದ ಎಣ್ಣೆಜಿಡ್ಡೂ ಸಾಕು. ರಾತ್ರಿಯೇ ಕಸ ಹೊರಗಿಡಬೇಡಿ, ಬೆಳಿಗ್ಗೆ ಗಾಡಿ ಬರೋ ಹೊತ್ತಿಗೆ ಇಟ್ಟರಾಯ್ತು. ಉದುರಿದ ಹಣ್ಣು ಆರಿಸಿಬಿಡಿ, ನಾಯಿ ತಟ್ಟೆ, ಹಕ್ಕಿಕಾಳು ಕತ್ತಲಾಗೋ ಮೊದಲೇ ಒಳಗಿರಲಿ.

ಜೇನುಪೆಟ್ಟಿಗೆ, ಕೋಳಿಗೂಡು ಇದ್ದವರಿಗೆ ಮುಟ್ಟಿದರೆ ಸಣ್ಣ ಶಾಕ್ ಕೊಡೋ ಸೋಲಾರ್ ಬೇಲಿಗಿಂತ ಗಟ್ಟಿ ಉಪಾಯ ನನಗೆ ಕಂಡಿಲ್ಲ. (ಮನೆ ಕರೆಂಟನ್ನ ನೇರ ತಂತಿಗೆ ಕೊಡೋದಲ್ಲ ಮತ್ತೆ! ಮನುಷ್ಯರೇ ಸಾಯ್ತಾರೆ.) ರುಚಿ ಹತ್ತಿದ ಕರಡಿಯನ್ನ ಹಿಡಿದು ದೂರ ಬಿಟ್ಟರೂ ಎಷ್ಟೋ ಸಲ ವಾಪಸ್ ಬರುತ್ತೆ.

ಎದುರಾದರೆ ಓಡಬೇಡಿ, ಮರ ಹತ್ತಬೇಡಿ. ಮೆಲ್ಲಗೆ ಮಾತಾಡ್ತಾ ಹಿಂದೆ ಸರೀರಿ. ಸುತ್ತ ನಿಂತು ವಿಡಿಯೋ ಮಾಡೋರನ್ನ ಮೊದಲು ಚದುರಿಸಿ, ಕರಡಿಗೆ ಹೋಗೋಕೆ ದಾರಿ ಬೇಕು.