ಗಣಿ ವಿಸ್ತರಣೆಗೆ ಮೊದಲು ಗುಡ್ಡದ ಪುರಾತನ ಕುರುಹು ದಾಖಲಿಸುವುದು ಹೇಗೆ?

‘ಯೋಜನಾ ಪ್ರದೇಶದ ಸುತ್ತಮುತ್ತ ಪುರಾತತ್ವ ಮಹತ್ವದ ಸ್ಥಳಗಳಿಲ್ಲ.’ ಗಣಿ ವಿಸ್ತರಣೆಯ ಪರಿಸರ ವರದಿಗಳಲ್ಲಿ ಈ ಸಾಲು ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಬರೆದವರು ಸಂರಕ್ಷಿತ ಸ್ಮಾರಕಗಳ ಪಟ್ಟಿ ನೋಡಿರುತ್ತಾರೆ, ಗುಡ್ಡ ಹತ್ತಿರುವುದಿಲ್ಲ. ಕೇಂದ್ರದ ಪಟ್ಟಿಯಲ್ಲಿರುವ ಸ್ಮಾರಕಕ್ಕೆ ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯ ಪ್ರಕಾರ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶದ ರಕ್ಷಣೆ ಇದೆ. ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯಲ್ಲಿ ಯಾವ ಪಟ್ಟಿಗೂ ಸೇರದ ಬೂದಿದಿಬ್ಬ (ಸಗಣಿ ಸುಟ್ಟು ಆದ ಪುರಾತನ ಬೂದಿಯ ರಾಶಿ), ವೀರಗಲ್ಲು, ಬಂಡೆಚಿತ್ರಗಳಿಗೆ ಊರವರೇ ದಿಕ್ಕು.

ಮೊದಲು ನಕ್ಷೆ. ಕೇಂದ್ರ ಪರಿಸರ ಸಚಿವಾಲಯದ ‘ಪರಿವೇಶ್’ ಜಾಲತಾಣದಲ್ಲಿ ಯೋಜನೆಯ ಗಡಿ ನಕ್ಷೆ ಸಿಗುತ್ತದೆ, ಮೊಬೈಲಿಗೆ ಇಳಿಸಿಕೊಳ್ಳಿ.

ನಂತರ ಕುರಿಗಾಹಿಗಳನ್ನು ಮಾತಾಡಿಸಿ. ‘ಶಿಲಾಯುಗದ ನೆಲೆ ಎಲ್ಲಿದೆ’ ಎಂದರೆ ಯಾರೂ ಬಾಯಿ ಬಿಡುವುದಿಲ್ಲ. ‘ಯಜಮಾನ್ರ, ಬೂದಿ ದಿಬ್ಬ ಎಲ್ಲೈತ್ರಿ? ಮೋರೇರ ಮನಿ ಅದಾವೇನ್ರಿ? ಬಡದ್ರ ಗಂಟಿಹಂಗ ಸಪ್ಪಳ ಮಾಡೋ ಕಲ್ಲು ಐತೇನ್ರಿ?’ ಎಂದು ಕೇಳಿ. ಮೋರೇರ ಮನೆ ಎಂದರೆ ಕಲ್ಲುಚಪ್ಪಡಿ ನಿಲ್ಲಿಸಿ ಕಟ್ಟಿದ ಪುರಾತನ ಗೋರಿ. ಬಳ್ಳಾರಿ ಪಕ್ಕದ ಕುಪ್ಪಗಲ್ಲು ಗುಡ್ಡದಲ್ಲಿ ಹೀಗೆ ಸಪ್ಪಳ ಕೊಡುವ ಕಪ್ಪು ಬಂಡೆಗಳಿವೆ. ನವಶಿಲಾಯುಗದವರು ಬಡಿದು ಬಡಿದು ಮಾಡಿದ ಕುಳಿಗಳು ಅವುಗಳ ಮೇಲಿವೆ, ಅಲ್ಲೇ ಉದ್ದ ಕೊಂಬಿನ ಗೂಳಿಗಳ ಚಿತ್ರಗಳೂ ಇವೆ. ಆ ಗುಡ್ಡವನ್ನೂ ಜಲ್ಲಿಕಲ್ಲಿನ ಕ್ವಾರಿ ಬಿಟ್ಟಿಲ್ಲ. ಜಾತ್ರೆಯ ದಾರಿ, ದೇವರಿಗೆ ಗಂಗೆ ತರುವ ಹೊಂಡ, ಹರಕೆಯ ಮರ ಎಲ್ಲೆಲ್ಲಿವೆ ಎಂದೂ ಇದೇ ಸುತ್ತಿನಲ್ಲಿ ಹೆಂಗಸರನ್ನು ಕೇಳಿ ಬರೆದುಕೊಳ್ಳಿ.

ಈಗ ನಡಿಗೆ. ಎಲ್ಲರೂ ಕೆಲಸ ಕೆಡಿಸುವುದು ಇಲ್ಲಿಯೇ. ಜೀಪಿನಲ್ಲಿ ಗುಡ್ಡದ ಬುಡ ಸುತ್ತಿ ಬಂದರೆ, ಡ್ರೋನ್ ಹಾರಿಸಿದರೆ ಸಮೀಕ್ಷೆ ಆಗುವುದಿಲ್ಲ. ಡ್ರೋನಿಗೆ ಅಂಗೈಯಗಲದ ಕಲ್ಲಿನ ಚೂರು ಕಾಣದು. ನಾಲ್ಕೈದು ಜನ ಹತ್ತು ಹದಿನೈದು ಮೀಟರ್ ಅಂತರದಲ್ಲಿ ಸಾಲಾಗಿ ನಿಂತು, ನೆಲ ನೋಡುತ್ತಾ ಒಂದೇ ದಿಕ್ಕಿಗೆ ನಡೆಯಬೇಕು. ಹುಲ್ಲು ಒಣಗಿದ ಬೇಸಿಗೆ ಒಳ್ಳೆಯದು. ಹೊಲವಾದರೆ ಉತ್ತ ಮೇಲೆ ಒಂದು ಮಳೆ ಬಿದ್ದಿರಬೇಕು, ಮಣ್ಣು ತೊಳೆದು ಬೋಕಿ ಚೂರುಗಳು ಎದ್ದು ಕಾಣುತ್ತವೆ.

ಬೂದಿದಿಬ್ಬವನ್ನು ಸುಣ್ಣದ ಗೂಡಿನ ಕಸವೆಂದು ಬಿಟ್ಟುಬಿಡುವವರೇ ಹೆಚ್ಚು. ಒಂದು ಹೆಂಟೆಯನ್ನು ಕೈಯಲ್ಲಿ ಹಿಡಿದು ನೋಡಿ: ಬೂದು ಬಣ್ಣ, ಗಾತ್ರಕ್ಕೆ ಹಗುರ, ಕೆಲವು ಕಡೆ ಕಮ್ಮಾರನ ಕುಲುಮೆಯ ಕಿಟ್ಟದಂತೆ ಕರಗಿ ಗುಳ್ಳೆಗಟ್ಟಿದ ಮೈ. ಸಾವಿರಾರು ವರ್ಷಗಳ ಹಿಂದೆ ದನದ ದೊಡ್ಡಿಯಲ್ಲಿ ರಾಶಿ ಬಿದ್ದ ಸಗಣಿ ಸುಟ್ಟು ಆದದ್ದು ಅದು. ಕುಡತಿನಿ ಬಳಿಯ ದಿಬ್ಬ ಈ ಬಗೆಯದು. ಗೊಬ್ಬರಕ್ಕೆಂದು ಗಾಡಿಗಟ್ಟಲೆ ಬೂದಿ ಸಾಗಿಸಿ ಇಂಥ ದಿಬ್ಬಗಳು ಕರಗಿವೆ, ಹಾಗಾಗಿ ಉಳಿದ ಅಂಚನ್ನೂ ಗುರುತು ಹಾಕಿ. ಸಂಗನಕಲ್ಲಿನ ಹಿರೇಗುಡ್ಡದಲ್ಲಿ ಕಲ್ಲುಕೊಡಲಿ ತಯಾರಿಸುತ್ತಿದ್ದವರು ಬಿಟ್ಟುಹೋದದ್ದು ಕರಿಕಲ್ಲಿನ ಚಕ್ಕೆಗಳು. ಒಂದೇ ಜಾಗದಲ್ಲಿ ಅಂಚು ಹರಿತವಾದ ಚಕ್ಕೆಗಳು ರಾಶಿಯಾಗಿದ್ದರೆ, ಹತ್ತಿರದ ಬಂಡೆಯ ಮೇಲೆ ಕೊಡಲಿ ಉಜ್ಜಿ ಆದ ನುಣುಪು ತಗ್ಗು ಇದ್ದರೆ ಅಲ್ಲೇ ನಿಲ್ಲಿ.

ಏನನ್ನೂ ಎತ್ತಿ ಜೇಬಿಗೆ ಹಾಕಬೇಡಿ. ಜಾಗ ಬಿಟ್ಟ ವಸ್ತು ಅರ್ಧ ಸಾಕ್ಷ್ಯ ಕಳೆದುಕೊಳ್ಳುತ್ತದೆ. ಬಂಡೆಚಿತ್ರ ಫೋಟೊದಲ್ಲಿ ಚೆನ್ನಾಗಿ ಬರಲೆಂದು ಸೀಮೆಸುಣ್ಣದಿಂದ ತಿದ್ದುವುದು, ಎಣ್ಣೆ ಸವರುವುದು ದೊಡ್ಡ ಅಪರಾಧವೆಂದೇ ತಿಳಿಯಿರಿ. ಬೆಳಗ್ಗೆ ಏಳರ ಓರೆ ಬಿಸಿಲಿನಲ್ಲಿ ಹೋದರೆ ಗೀರುಗಳು ತಾವಾಗಿ ಕಾಣುತ್ತವೆ. ಪ್ರತಿಯೊಂದಕ್ಕೂ ಎರಡು ಫೋಟೊ ಬೇಕು: ಅಳತೆಪಟ್ಟಿ ಇಟ್ಟು ಹತ್ತಿರದ್ದು, ಹಿಂದೆ ಗುಡ್ಡದ ಸಾಲು ಕಾಣುವ ದೂರದ್ದು. ಫೋಟೊ ಮೇಲೆ ಸ್ಥಳ ಮುದ್ರಿಸುವ ಪುಕ್ಕಟೆ ಆ್ಯಪ್‌ಗಳನ್ನು ನಂಬಬೇಡಿ. ಸಿಗ್ನಲ್ ಇಲ್ಲದ ಕಡೆ ಹಿಂದಿನ ಸ್ಥಳವನ್ನೇ ಒತ್ತುವುದುಂಟು. ಅಕ್ಷಾಂಶ ರೇಖಾಂಶಗಳನ್ನು ನೋಟ್‌ಬುಕ್ಕಿನಲ್ಲೂ ಬರೆಯಿರಿ.

ಗಣಿಯ ಸರ್ವೇಯರ್ ಬರಲು ಒಪ್ಪಿದರೆ ಜೊತೆಗೆ ಕರೆದೊಯ್ಯಿರಿ. ಮಸ್ಕಿಯಲ್ಲಿ ಅಶೋಕನ ಹೆಸರಿರುವ ಶಾಸನವನ್ನು 1915ರಲ್ಲಿ ಕಂಡುಹಿಡಿದವರು ಸಿ. ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್.

ಇದೆಲ್ಲ ಅನುಮತಿಗೆ ಮೊದಲೇ ಮುಗಿಯಬೇಕು. ಪಶ್ಚಿಮ ಆಸ್ಟ್ರೇಲಿಯಾದ ಜೂಕನ್ ಕಣಿವೆಯಲ್ಲಿ ಕಬ್ಬಿಣದ ಗಣಿಗೆ 2013ರಲ್ಲಿ ಅನುಮತಿ ಸಿಕ್ಕಿತು. ಮರುವರ್ಷದ ಉತ್ಖನನದಲ್ಲಿ ಅಲ್ಲಿನ ಗುಹೆಯ ಮಹತ್ವ ಪೂರ್ತಿ ಬೆಳಕಿಗೆ ಬಂತು. ಆದರೂ ಹಳೆಯ ಅನುಮತಿಯ ಬಲದ ಮೇಲೆ, 46,000 ವರ್ಷಗಳ ಹಿಂದೆಯೇ ಜನ ತಂಗಿದ್ದ ಆ ಜಾಗವನ್ನು 2020ರ ಮೇ ತಿಂಗಳಲ್ಲಿ ಸಿಡಿಸಿದರು.

ದಾಖಲೆ ಸಿದ್ಧವಾದ ಮೇಲೆ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ. ರಾಜ್ಯ ಪುರಾತತ್ವ ಇಲಾಖೆಗೆ, ಭಾರತೀಯ ಪುರಾತತ್ವ ಸರ್ವೇಕ್ಷಣಾಲಯಕ್ಕೆ, ಜಿಲ್ಲಾಧಿಕಾರಿಗೆ ಒಂದೊಂದು ಪ್ರತಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸಾರ್ವಜನಿಕ ಅಹವಾಲು ಸಭೆ ಇದ್ದರೆ 2006ರ ಪರಿಸರ ಅಧಿಸೂಚನೆಯಂತೆ ಕನಿಷ್ಠ 30 ದಿನ ಮೊದಲು ಜನರಿಗೆ ನೋಟಿಸ್ ಸಿಗಬೇಕು, ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು. ಸಭೆಯಲ್ಲಿ ಬರೀ ಭಾಷಣ ಮಾಡಿ ಇಳಿಯಬೇಡಿ, ಲಿಖಿತ ಆಕ್ಷೇಪಣೆ ಸಲ್ಲಿಸಿ.

ಅದರಲ್ಲಿ ‘ಪರಂಪರೆ ಉಳಿಸಿ’ ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಯಾವ ಬಂಡೆಯಿಂದ ಎಷ್ಟು ಮೀಟರ್ ದೂರ ಸ್ಫೋಟ ಕೂಡದು, ಬೇಲಿ ಎಲ್ಲಿ ಬರಬೇಕು, ಅದಿರಿನ ಲಾರಿ ಯಾವ ದಾರಿ ಬಿಡಬೇಕು, ಅಗೆಯುವಾಗ ಏನಾದರೂ ಸಿಕ್ಕರೆ ಕೆಲಸ ನಿಲ್ಲಿಸಿ ಯಾರಿಗೆ ತಿಳಿಸಬೇಕು ಎಂದು ಒಂದೊಂದಾಗಿ ಬರೆಯಿರಿ. ಇವೆಲ್ಲ ಪರಿಸರ ಅನುಮತಿಯ ಷರತ್ತುಗಳಾಗಬೇಕೆಂದು ಸ್ಪಷ್ಟವಾಗಿ ಕೇಳಿ, ಅನುಮತಿ ಪತ್ರ ಹೊರಬಿದ್ದ ದಿನವೇ ಷರತ್ತುಗಳ ಪುಟ ತೆಗೆದು ನಿಮ್ಮ ಆಕ್ಷೇಪಣೆಯ ಪ್ರತಿಯೊಂದಿಗೆ ತಾಳೆ ನೋಡಿ.